ಬೆಳಗ್ಗೆ ಮಾತ್ರ ಟ್ರಿಪ್ ಆಗುತ್ತಿದ್ದ ಡ್ರೈವ್

ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೀಟರು) ಹಾಕುವುದು ಬಾವಿ ಪಂಪು ರಿಪೇರಿ ಮಾಡುವ ನಮ್ಮಂಥವರಿಗೆಲ್ಲ ಗೊತ್ತು. ಆದರೆ ಅದನ್ನು ಎಷ್ಟು ಗಂಟೆಗೆ ಹಾಕಬೇಕು? ಈ ಪ್ರಶ್ನೆ ಕೇಳಿದಾಗ ನಕ್ಕವರೇ ಜಾಸ್ತಿ. "ಮೀಟರಿಗೆ ಬೆಳಗ್ಗೆ ಒಂದು ಬುದ್ಧಿ, ಮಧ್ಯಾಹ್ನ ಒಂದು ಬುದ್ಧಿ ಇರುತ್ತೇನಪ್ಪಾ?" ಅಂದರು ನನಗಿಂತ ಹತ್ತು ವರ್ಷ ಹಿರಿಯ ಮೆಕ್ಯಾನಿಕ್ ಒಬ್ಬರು. ಮೀಟರಿಗೆ ಇರುವುದಿಲ್ಲ, ಬಾವಿಗೆ ಇರುತ್ತದೆ. ಅದನ್ನು ತೋರಿಸಿಕೊಡಲು ನನಗೆ ಮೂರು ತಿಂಗಳು ಹಿಡಿಯಿತು. ಕೈಯಿಂದ ದುಡ್ಡೂ ಹೋಯಿತು.

ಕೇಸು ಹೀಗಿತ್ತು. 7.5 ಎಚ್‌ಪಿ ಸಬ್‌ಮರ್ಸಿಬಲ್, ಅಂದರೆ ಬಾವಿಯ ನೀರಿನಲ್ಲೇ ಮುಳುಗಿರುವ ಪಂಪು-ಮೋಟರು. ಅದರ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಮೇಲೆ ಪ್ಯಾನಲ್ಲಿನಲ್ಲಿ. ಪ್ಯಾನಲ್ಲಿಂದ ಮೋಟರಿನವರೆಗೆ ಹತ್ತಿರಹತ್ತಿರ 200 ಮೀಟರ್ ಕೇಬಲ್. ರಾತ್ರಿಯೆಲ್ಲ ನಿಂತು ಬೆಳಗ್ಗೆ ಚಾಲೂ ಮಾಡಿದರೆ ಗ್ರೌಂಡ್ ಫಾಲ್ಟ್, ಅಂದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಡ್ರೈವ್ ಟ್ರಿಪ್ ಆಗಿ ನಿಂತುಬಿಡುತ್ತಿತ್ತು. ಕೆಲವು ದಿನ ಓವರ್ ಕರೆಂಟ್. ನಾಲ್ಕೈದು ಸಲ ರೀಸೆಟ್ ಒತ್ತಿದರೆ ಹೇಗೋ ಹಿಡಿದುಕೊಳ್ಳುತ್ತಿತ್ತು. ಒಮ್ಮೆ ಇಪ್ಪತ್ತು ನಿಮಿಷ ಓಡಿತು ಅಂದರೆ ಸಂಜೆವರೆಗೂ ತಕರಾರಿಲ್ಲ. ನಾನು ಹೋಗುವ ಮೊದಲೇ ಒಂದು ಸಲ ಮೋಟರು ಎತ್ತಿ ಇಳಿಸಿದ್ದರು. ಡ್ರೈವ್ ಕೂಡ ಬದಲಾಗಿತ್ತು. ಹೊಸ ಡ್ರೈವ್ ಎರಡನೇ ದಿನದಿಂದಲೇ ಅದೇ ರಾಗ ಹಾಡಿತ್ತು.

ಮೊದಲು ನನ್ನ ತಪ್ಪುಗಳನ್ನೇ ಹೇಳಿಬಿಡುತ್ತೇನೆ. ಪ್ಯಾರಾಮೀಟರ್ ನೋಡಿದಾಗ ಕ್ಯಾರಿಯರ್ ಫ್ರೀಕ್ವೆನ್ಸಿ (ಡ್ರೈವ್ ಒಳಗಿನ ಸ್ವಿಚ್ಚುಗಳು ಆನ್-ಆಫ್ ಆಗುವ ವೇಗ) 12 ಕಿಲೋಹರ್ಟ್ಸ್ ಇತ್ತು. ಮೋಟರು ಕುಯ್ಯನ್ನಬಾರದು ಅಂತ ಯಾರೋ ಏರಿಸಿಟ್ಟಿದ್ದರು. ಮೋಟರು ಇರುವುದು ಪಾತಾಳದಲ್ಲಿ, ಅದರ ಸದ್ದು ಯಾರಿಗೆ ಕೇಳಬೇಕು? ಇಷ್ಟುದ್ದದ ಕೇಬಲ್ಲಿಗೆ 12 ಕೊಟ್ಟರೆ ಕೇಬಲ್ಲೇ ಕೆಪಾಸಿಟರ್ ಆಗಿ ಕರೆಂಟು ಸೋರಿಸುತ್ತದೆ. 3ಕ್ಕೆ ಇಳಿಸಿದೆ. ಹತ್ತು ದಿನ ಒಂದೂ ಟ್ರಿಪ್ ಇಲ್ಲ. ನಾನು ಬೀಗಿದೆ, ಬಿಲ್ಲೂ ಕೊಟ್ಟೆ. ಹನ್ನೊಂದನೇ ದಿನ ಬೆಳಗ್ಗೆ ಫೋನು ಬಂತು.

ಎರಡನೇ ತಪ್ಪು ದುಬಾರಿಯದು. ಗ್ರೌಂಡ್ ಫಾಲ್ಟ್ ಅಂದಮೇಲೆ ವೈಂಡಿಂಗ್ ಅಂತ ನಾನೂ ತೀರ್ಮಾನ ಮಾಡಿ ಮೋಟರು ಎತ್ತಿಸಿದೆ. ಮೇಲೆ ತಂದು ಮೆಗ್ಗರ್ ಹಾಕಿದರೆ 50 ಮೆಗಾಓಮ್‌ಗಿಂತ ಜಾಸ್ತಿ. ಕೇಬಲ್ ಸೇರಿಸಿ ಹಾಕಿದರೂ ಚೆನ್ನಾಗಿಯೇ ಇತ್ತು. ತೆಪ್ಪಗೆ ವಾಪಸ್ ಇಳಿಸಿದೆವು. ಎರಡು ಸಲ ಎತ್ತಿ ಇಳಿಸುವ ಖರ್ಚಿನಲ್ಲಿ ಒಂದು ಹೊಸ ಡ್ರೈವ್ ಬರುತ್ತದೆ. ಈ ಸಲದ್ದನ್ನು ನಾನೇ ಹಾಕಿಕೊಂಡೆ, ಏಕೆಂದರೆ ಎತ್ತಿ ಅಂದವನು ನಾನು. ಮಾರನೆ ಬೆಳಗ್ಗೆ ಮತ್ತೆ ಗ್ರೌಂಡ್ ಫಾಲ್ಟ್.

ಇನ್ನು ಎತ್ತುವ ಮಾತೇ ಇಲ್ಲ, ಡ್ರೈವನ್ನೇ ಸರಿಯಾಗಿ ಜಾಲಾಡೋಣ ಅಂತ ಕೂತೆ. ಔಟ್‌ಪುಟ್ ವೈರು ಬಿಚ್ಚಿ ವಿ/ಎಫ್ ಮೋಡಿನಲ್ಲಿ (ವೇಗಕ್ಕೆ ತಕ್ಕಷ್ಟು ವೋಲ್ಟೇಜ್ ಕೊಡುವ ಸರಳ ಮೋಡು) ಖಾಲಿ ಓಡಿಸಿದೆ, ಆರಾಮಾಗಿ 50 ಹರ್ಟ್ಸ್‌ಗೆ ಹೋಯಿತು. ನನ್ನ ಹತ್ತಿರ ಒಂದು ಹಳೇ 1 ಎಚ್‌ಪಿ ಮೋಟರು ಸದಾ ಗಾಡಿಯಲ್ಲಿರುತ್ತದೆ. ಅದನ್ನು ಕಟ್ಟಿ ಓಡಿಸಿದೆ, ಅದೂ ಸರಿ. ಡ್ರೈವ್ ನಿರಪರಾಧಿ. ಹಿಂದಿನದೂ ಹಾಗೇ ಇದ್ದಿರಬೇಕು, ಪಾಪ.

ಇಲ್ಲಿ ಸುಮ್ನೆ ಒಂದು ಆಟ ಆಡಿದೆ. ಅದೇ 1 ಎಚ್‌ಪಿ ಮೋಟರಿಗೆ ಡ್ರಮ್ಮಿನಲ್ಲಿದ್ದ ಉದ್ದ ಕೇಬಲ್ ಕಟ್ಟಿ, ಎರಡೂ ತುದಿಯಲ್ಲಿ ಆಂಪ್ಸ್ ನೋಡಿದೆ. 12 ಕಿಲೋಹರ್ಟ್ಸ್‌ನಲ್ಲಿ ಡ್ರೈವ್ ತುದಿಯ ರೀಡಿಂಗು ಮೋಟರ್ ತುದಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. 3ಕ್ಕೆ ಇಳಿಸಿದರೆ ವ್ಯತ್ಯಾಸ ಅಷ್ಟಿಷ್ಟು. ಡ್ರೈವ್ ಡಿಸ್‌ಪ್ಲೇ ತೋರಿಸುವ ಆಂಪ್ಸ್ ನಂಬಿ ಓವರ್‌ಲೋಡ್ ಸೆಟ್ ಮಾಡುವವರು ಇದನ್ನೊಮ್ಮೆ ಮಾಡಿ ನೋಡಬೇಕು. ನಮ್ಮ ಕೇಸಿಗೆ ಇದರಿಂದ ಏನೂ ಸಿಗಲಿಲ್ಲ. ಅರ್ಧ ದಿನ ಹೋಯಿತು ಅಷ್ಟೇ.

ಸುಳಿವು ಮೊದಲ ದಿನದಿಂದ ಕಣ್ಣೆದುರೇ ಇತ್ತು: ಇಪ್ಪತ್ತು ನಿಮಿಷ ಓಡಿದರೆ ಆಮೇಲೆ ತಂಟೆ ಇಲ್ಲ. ಮೋಟರು ಬಿಸಿಯಾದರೆ ಇನ್ಸುಲೇಶನ್ ಕೆಡಬೇಕೇ ಹೊರತು ಸುಧಾರಿಸಬಾರದು. ಹಾಗಾದರೆ ಇಪ್ಪತ್ತು ನಿಮಿಷದಲ್ಲಿ ಬಾವಿಯೊಳಗೆ ಬದಲಾಗುವುದು ಏನು? ನೀರಿನ ಮಟ್ಟ. ರಾತ್ರಿ ನೀರು ಏರಿ ನಿಂತಿರುತ್ತದೆ, ಓಡಿಸಿದರೆ ಕೆಳಗೆ ಹೋಗುತ್ತದೆ. ಏರಿದಾಗ ಮುಳುಗುವ, ಇಳಿದಾಗ ಬಯಲಾಗುವ ಯಾವುದೋ ಒಂದು ಜಾಗ ಅಲ್ಲಿದೆ. ಕೇಬಲ್ ಜಾಯಿಂಟ್ ಅಲ್ಲದೆ ಇನ್ನೇನು? ಮೋಟರು ಎತ್ತಿದವರು, ನನ್ನನ್ನೂ ಸೇರಿಸಿ, ಮಧ್ಯಾಹ್ನವೇ ಮೆಗ್ಗರ್ ಹಾಕಿದ್ದೆವು. ಆ ಹೊತ್ತಿಗೆ ಜಾಯಿಂಟ್ ಒಣಗಿ ಕೂತಿತ್ತು. ಎತ್ತಿ ಹೊರಗೆ ಹಾಕಿದಾಗಲಂತೂ ಕೇಳುವುದೇ ಬೇಡ.

ಡ್ರೈವ್ ಔಟ್‌ಪುಟ್ಟಿಗೂ ಮೋಟರಿಗೂ ನಡುವೆ ಒಂದು ಐಸೋಲೇಟರ್ (ಲೈನನ್ನು ಕೈಯಿಂದ ಕಡಿಯುವ ಸ್ವಿಚ್ಚು) ಹಾಕಿಕೊಂಡೆ. ಡ್ರೈವ್ ಪೂರ್ತಿ ನಿಂತ ಮೇಲೆ ಅದನ್ನು ತೆಗೆದು, ಮೋಟರ್ ಕಡೆಗೆ ಮಾತ್ರ ಮೆಗ್ಗರ್ ಹಾಕುವುದು. ಓಡುವಾಗ ತೆಗೆದರೆ ಐಜಿಬಿಟಿ, ಅಂದರೆ ಡ್ರೈವ್ ಒಳಗಿನ ಪವರ್ ಸ್ವಿಚ್ಚುಗಳ ಕಥೆ ಮುಗಿಯಿತು. ಡ್ರೈವ್ ಕಡೆಗೆ ಮೆಗ್ಗರ್ ತಾಗಿಸಿದರೂ ಅಷ್ಟೇ. ಹೊಸದರಲ್ಲಿ ನಾನೇ ಹೀಗೆ ಒಂದನ್ನು ಸುಟ್ಟಿದ್ದೇನೆ. ಒಂದೂವರೆ ತಿಂಗಳ ದುಡಿಮೆ ಅದಕ್ಕೆ ಹೋಯಿತು. ಹಾಗೇ, ಡ್ರೈವ್ ಒಳಗೆ ಕೈ ಹಾಕುವುದಿದ್ದರೆ ಪವರ್ ತೆಗೆದು ಹತ್ತು ನಿಮಿಷ ಬಿಟ್ಟು, ಡಿಸಿ ಬಸ್ (ಒಳಗಿನ ಕೆಪಾಸಿಟರಿನಲ್ಲಿ ನಿಂತಿರುವ ಡಿಸಿ ವೋಲ್ಟೇಜ್) ಅಳೆದೇ ಕೈ ಹಾಕಿ.

ಬೆಳಗ್ಗೆ ಐದೂವರೆ. ಬಾವಿ ಇಡೀ ರಾತ್ರಿ ನಿಂತಿದೆ. 500 ವೋಲ್ಟ್ ಮೆಗ್ಗರ್ ಹಾಕಿದರೆ 0.04 ಮೆಗಾಓಮ್! ನೀರಿನಲ್ಲಿರುವ ಮೋಟರಿಗೆ ಕೇಬಲ್ ಸೇರಿ ಅರ್ಧ ಮೆಗಾಓಮ್ ಇದ್ದರೂ ಒಪ್ಪಿಕೊಳ್ಳುತ್ತೇವೆ, ಇದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅದೇ ಬಾವಿಗೆ ಮಧ್ಯಾಹ್ನ ಹಾಕಿದಾಗ ಮೂರಕ್ಕಿಂತ ಮೇಲೆ. ಖುಷಿಗೆ ಕೂಗಿಯೇಬಿಟ್ಟೆ.

ಮಾರನೇ ದಿನ ಜಾಯಿಂಟ್ ಎಲ್ಲಿದೆ ಅಂತ ಹುಡುಕಿದೆ. ರೀಸೆಟ್ ಒತ್ತಿ ಒತ್ತಿ ಓಡಿಸುವುದು, ಐದೈದು ನಿಮಿಷಕ್ಕೆ ನಿಲ್ಲಿಸುವುದು, ಐಸೋಲೇಟರ್ ತೆಗೆಯುವುದು, ನೀರಿನ ಮಟ್ಟ ಮತ್ತು ಮೆಗ್ಗರ್ ರೀಡಿಂಗು ಎರಡನ್ನೂ ಬರೆದುಕೊಳ್ಳುವುದು. ನೀರು ನೆಲದಿಂದ 58 ಮೀಟರ್ ಆಳದಲ್ಲಿದ್ದಾಗ 0.04. 61ರಲ್ಲೂ ಹಾಗೇ. 64 ದಾಟಿದ ಮೇಲೆ ಮೆಲ್ಲಗೆ ಏರತೊಡಗಿತು. ಜಾಯಿಂಟಿನ ಮೇಲಿನ ನೀರು ಇಳಿಯಲು ಒಂದಿಷ್ಟು ಹೊತ್ತು ಬೇಕಲ್ವಾ, ಅದಕ್ಕೇ ಒಮ್ಮೆಲೇ ಹಾರುವುದಿಲ್ಲ. ಮೋಟರು ಇಳಿದಿರುವ ಬಾವಿಯಲ್ಲಿ ನೀರಿನ ಮಟ್ಟ ಇಷ್ಟು ಬೇಗ ಹೇಗೆ ಅಳೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು.

ಆ ಹಿರಿಯ ಮೆಕ್ಯಾನಿಕ್ಕನ್ನೇ ಕರೆದೆ. "60ರಿಂದ 65 ಮೀಟರ್ ನಡುವೆ ಜಾಯಿಂಟ್ ಇಲ್ಲದಿದ್ದರೆ ಎತ್ತುವ ಖರ್ಚು ನನ್ನದು" ಅಂದೆ. ಒಳಗೊಳಗೆ ಅಳುಕು ಇದ್ದೇ ಇತ್ತು. 62ರಲ್ಲಿ ಸಿಕ್ಕಿತು. ಹೊರಗೆ ನೋಡಲು ಟೇಪು ಭದ್ರವಾಗಿಯೇ ಇತ್ತು. ಬಿಚ್ಚಿದರೆ ಒಳಗೆ ತಾಮ್ರ ಹಸಿರಾಗಿತ್ತು, ಎರಡು ಕೋರಿನ ನಡುವೆ ಕಪ್ಪು ಗೆರೆ. 415 ವೋಲ್ಟ್ ಲೈನಿನ ಡ್ರೈವಿನಲ್ಲಿ ಡಿಸಿ ಬಸ್ 585ರ ಆಸುಪಾಸು ಇರುತ್ತದೆ. ಉದ್ದ ಕೇಬಲ್ಲಿನಲ್ಲಿ ವೋಲ್ಟೇಜಿನ ಅಲೆ ಹೊಡೆದು ವಾಪಸ್ ಬಂದು ಮೋಟರ್ ತುದಿಯಲ್ಲಿ ಅದರ ಎರಡು ಪಟ್ಟಿನವರೆಗೂ ಏಳಬಹುದು. ಬರೀ ಸ್ಟಾರ್ಟರ್ ಇದ್ದಿದ್ದರೆ ಆ ಟೇಪು ಜಾಯಿಂಟ್ ಇನ್ನೂ ಎರಡು ವರ್ಷ ಎಳೆಯುತ್ತಿತ್ತೋ ಏನೋ. ಡ್ರೈವ್ ಅದಕ್ಕೆ ಬಿಡುವು ಕೊಡಲಿಲ್ಲ. ನೀರು ನುಗ್ಗದಂತೆ ರೆಸಿನ್ ಕಿಟ್ ಹಾಕಿ ಹೊಸ ಜಾಯಿಂಟ್ ಮಾಡಿದೆ. ಕಿಟ್ಟಿನ ಬೆಲೆ ಎತ್ತುವ ಕೂಲಿಯ ಇಪ್ಪತ್ತನೇ ಒಂದು ಪಾಲೂ ಇರಲಿಲ್ಲ. ವೋಲ್ಟೇಜಿನ ಆ ಹೊಡೆತ ತಗ್ಗಿಸಲು ಔಟ್‌ಪುಟ್ಟಿಗೆ ಡಿವಿ/ಡಿಟಿ ಫಿಲ್ಟರ್ ಹಾಕಿಸಿದೆ. ಅದು ಡ್ರೈವ್ ಬೆಲೆಯ ಕಾಲು ಭಾಗದಷ್ಟಾಯಿತು. ಮಾಲೀಕರು ಗೊಣಗಿದರು, ಆದರೂ ಕೊಟ್ಟರು. ಒಂದು ವರ್ಷದ ಮೇಲಾಯಿತು, ಬೆಳಗಿನ ಟ್ರಿಪ್ ಮತ್ತೆ ಬಂದಿಲ್ಲ.

ಇನ್ನೊಂದು ಬಾವಿಯ ಸುದ್ದಿ ಹೇಳದಿದ್ದರೆ ಮನಸ್ಸು ತಡೆಯದು. ಅಲ್ಲಿ ಯಾವ ಫಾಲ್ಟೂ ಬರುತ್ತಿರಲಿಲ್ಲ, ಆದರೆ ಎರಡು ವರ್ಷದಲ್ಲಿ ಎರಡು ಮೋಟರು ಸುಟ್ಟಿದ್ದವು. ಪಂಪಿನ ಪೂರ್ತಿ ಮುಚ್ಚಿದ ಹೆಡ್, ಅಂದರೆ ವಾಲ್ವ್ ಮುಚ್ಚಿದಾಗ ನೀರನ್ನು ತಳ್ಳಬಲ್ಲ ಎತ್ತರ, 50 ಹರ್ಟ್ಸ್‌ಗೆ 160 ಮೀಟರ್. ನೀರಿನ ಆಳ ಮತ್ತು ಸೆಟ್ ಮಾಡಿದ ಒತ್ತಡ ಸೇರಿ 110 ಬೇಕು. ಹೆಡ್ಡು ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ 41 ಹರ್ಟ್ಸ್‌ಗಿಂತ ಕೆಳಗೆ ಒಂದು ಹನಿಯೂ ಮೇಲೆ ಬರುವುದಿಲ್ಲ. ಸ್ಲೀಪ್, ಅಂದರೆ ನೀರು ಬೇಡವಾದಾಗ ಡ್ರೈವ್ ತಾನೇ ನಿಲ್ಲುವ ಹರ್ಟ್ಸ್, ಇಟ್ಟಿದ್ದು 35ಕ್ಕೆ! ನಲ್ಲಿಗಳೆಲ್ಲ ಮುಚ್ಚಿದರೆ ಡ್ರೈವ್ 41ರ ಸುತ್ತ ಗಂಟೆಗಟ್ಟಲೆ ತೂಗಾಡುತ್ತಿತ್ತು. 35ಕ್ಕೆ ಇಳಿಯುವುದೇ ಇಲ್ಲ, ಮಲಗುವುದೇ ಇಲ್ಲ. ಮೋಟರಿನ ಸುತ್ತ ನೀರು ಹರಿಯದೆ ಅದು ತನ್ನ ಬಿಸಿಯಲ್ಲೇ ಬೆಂದಿತು. ಸ್ಲೀಪ್ 43ಕ್ಕೆ ಏರಿಸಿದೆ. ಹತ್ತು ನಿಮಿಷದ ಕೆಲಸ. ಇದಕ್ಕೆ ಎಷ್ಟು ಬಿಲ್ ಮಾಡುವುದು ಅಂತ ತಿಳಿಯದೆ ಕಡಿಮೆ ತಗೊಂಡೆ, ಈಗ ಹೊಟ್ಟೆ ಉರಿಯುತ್ತದೆ.

ಡ್ರೈ ರನ್, ಅಂದರೆ ನೀರಿಲ್ಲದೆ ಪಂಪು ಓಡುವುದನ್ನು ಹಿಡಿಯಲು ನಾನು ಆಂಪ್ಸ್ ನೋಡುವುದು ಬಿಟ್ಟು ತುಂಬಾ ದಿನವಾಯಿತು. ಖಾಲಿ ಓಡುವಾಗ ಮೋಟರಿನ ಕರೆಂಟು ನಾವಂದುಕೊಂಡಷ್ಟು ಇಳಿಯುವುದಿಲ್ಲ, ಇಳಿಯುವುದು ಪವರ್ ಫ್ಯಾಕ್ಟರ್ (ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು). ಅದಕ್ಕೇ ಕಿಲೋವ್ಯಾಟ್ ನೋಡುತ್ತೇನೆ. ಎಷ್ಟು ಶೇಕಡಕ್ಕೆ ಸೆಟ್ ಮಾಡುತ್ತೇನೆ ಅಂತ ಕೇಳಬೇಡಿ. ಚೆನ್ನಾಗಿ ಓಡುವಾಗಲೇ 42, 45, 50 ಹರ್ಟ್ಸ್‌ಗೆ ರೀಡಿಂಗ್ ಬರೆದಿಟ್ಟುಕೊಂಡವರಿಗೆ ಆ ಅಂಕಿ ತಾನೇ ಸಿಗುತ್ತದೆ. ಸೊನ್ನೆಯಿಂದ 30 ಹರ್ಟ್ಸ್‌ಗೆ ಒಂದು ಸೆಕೆಂಡಿನೊಳಗೆ ಏರಿಸಿ, ನಿಲ್ಲಿಸುವಾಗಲೂ ಹಾಗೇ. ಪಂಪಿನ ಒತ್ತು ಹೊರುವ ತ್ರಸ್ಟ್ ಬೇರಿಂಗಿಗೆ ನಿಧಾನ ಆಗುವುದಿಲ್ಲ. ನಿಲ್ಲಿಸಿ ತಕ್ಷಣ ಚಾಲೂ ಮಾಡಿದಾಗ ಮಾತ್ರ ಓವರ್ ಕರೆಂಟ್ ಬಂದರೆ ಮೊದಲು ಎನ್‌ಆರ್‌ವಿ (ನೀರು ವಾಪಸ್ ಬಾರದಂತೆ ತಡೆಯುವ ವಾಲ್ವ್) ನೋಡಿ. ನೀರು ವಾಪಸ್ ಇಳಿಯುತ್ತಾ ಪಂಪನ್ನು ಉಲ್ಟಾ ತಿರುಗಿಸುತ್ತಿರುತ್ತದೆ.

ಸದ್ಯ ಕೈಯಲ್ಲಿರುವ ಕೇಸು ಪೂರ್ತಿ ಉಲ್ಟಾ. ಬೆಳಗ್ಗೆ ಚೆನ್ನಾಗಿ ಓಡುತ್ತದೆ, ಮಧ್ಯಾಹ್ನ ಎರಡರ ಸುಮಾರಿಗೆ ಅಂಡರ್ ವೋಲ್ಟೇಜ್. ಅರ್ಧ ಗಂಟೆಗೊಮ್ಮೆ ಬಸ್ ವೋಲ್ಟೇಜ್ ಬರೆದುಕೊಳ್ಳಲು ಒಬ್ಬ ಹುಡುಗನನ್ನು ಕೂರಿಸಿದ್ದೇನೆ. ಇವತ್ತಿಗೆ ಮೂರನೇ ದಿನ.