ಮೊದಲ ಸಾಲಿನಲ್ಲಿ ಸೆಲ್ಫ್ ಯಾರು? ಮೂರನೇ ಸಲಕ್ಕೆ ಸಿಕ್ಕ ಉತ್ತರ

ನಾನು ಶೋಕಿಗೆ ಬರೆಯುತ್ತಿರುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವೂ ಆಬ್ಜೆಕ್ಟ್, ಅಂದರೆ ಡೇಟಾ ಮತ್ತು ಅದರ ಕೆಲಸಗಳ ಒಂದು ಗಂಟು. ಸೆಲ್ಫ್ ಅಂದರೆ ಈಗ ಓಡುತ್ತಿರುವ ಕೋಡ್ ಯಾವ ಆಬ್ಜೆಕ್ಟಿನದ್ದೋ ಅದು. ಒಂಟಿ ಫಂಕ್ಷನ್ ಅನ್ನುವುದೇ ಇಲ್ಲ, ಬರೀ ಮೆಥಡ್, ಅಂದರೆ ಆಬ್ಜೆಕ್ಟಿನ ಅಚ್ಚಾದ ಕ್ಲಾಸಿಗೆ ಸೇರಿದ ಫಂಕ್ಷನ್. ಅದನ್ನು ಬರೆಯುವುದು ಡೆಫ್ ಅನ್ನುವ ಪದದಿಂದ. ಹಾಗಿದ್ದರೆ ಯಾವ ಕ್ಲಾಸಿನ ಒಳಗೂ ಇಲ್ಲದ ಡೆಫ್ ಯಾರದ್ದು? "ಅಲ್ಲೊಂದು ಸ್ಪೆಷಲ್ ಕೇಸ್ ಇಡದೆ ಆಗಲ್ಲ ಬಿಡು" ಅಂದಿದ್ದ ಜೊತೆಯವನೊಬ್ಬ. ಅದಿಲ್ಲದೆಯೂ ಆಯ್ತು, ಆದರೆ ಎಂಟು ತಿಂಗಳು ತಿಂದಿತು.

ಮೊದಲು ಸಿ ಶಾರ್ಪ್ ಭಾಷೆಯ 9ನೇ ಆವೃತ್ತಿಯ ದಾರಿ ಹಿಡಿದೆ. ಅಲ್ಲಿ ಕಂಪೈಲರೇ ಒಂದು ಪ್ರೋಗ್ರಾಂ ಕ್ಲಾಸ್ ಹುಟ್ಟಿಸಿ ನಿಮ್ಮ ಸಾಲುಗಳನ್ನು ಅದರ ಮೈನ್ ಅನ್ನುವ ಮೆಥಡ್ ಒಳಗೆ ತುಂಬುತ್ತದೆ, ಅಲ್ವಾ? ನಾನು ಸೋಮಾರಿ, ಕೋಡನ್ನು ಪಾರ್ಸ್ ಮಾಡುವ (ಓದಿ ಬಿಡಿಸಿಕೊಳ್ಳುವ) ಮೊದಲೇ ಟೆಕ್ಸ್ಟಿಗೆ ಅಂಥ ಕ್ಲಾಸ್ ಮತ್ತು ಮೈನ್‌ನ ಎರಡು ಸಾಲು ಮೇಲೆ ಅಂಟಿಸಿಬಿಟ್ಟೆ. ಎಲ್ಲ ಎರರೂ ಎರಡು ಸಾಲು ಕೆಳಗೆ ತೋರಿಸತೊಡಗಿದವು. ಅದು ಹೋಗಲಿ, ಡೆಫ್ ಎಲ್ಲ ಆ ಮೈನ್ ಒಳಗೇ ಸಿಕ್ಕಿಕೊಂಡು ಬೇರೆ ಕ್ಲಾಸಿನಿಂದ ಕರೆಯಲು ಬರಲಿಲ್ಲ.

ಎರಡನೆಯದು ರೂಬಿ ಭಾಷೆಯ ರೀತಿ. ಸೆಲ್ಫ್ ಅಂದರೆ ಮೈನ್ ಅನ್ನುವ ಸಾದಾ ಆಬ್ಜೆಕ್ಟ್, ಡೆಫ್ ಮಾಡಿದ್ದೆಲ್ಲ ಹೆಚ್ಚುಕಡಿಮೆ ಎಲ್ಲಕ್ಕೂ ಮೂಲವಾದ ಆಬ್ಜೆಕ್ಟ್ ಅನ್ನುವ ಕ್ಲಾಸಿಗೇ ಹೋಗುತ್ತದೆ. ರೂಬಿ ಅದನ್ನು ಪ್ರೈವೇಟ್ (ಬೇರೆ ಆಬ್ಜೆಕ್ಟಿನ ಮೇಲೆ ಕರೆಯಲಾಗದಂತೆ) ಮಾಡಿ ಪಾರಾಯಿತು, ನನ್ನ ಭಾಷೆಯಲ್ಲಿ ಪ್ರೈವೇಟೇ ಇಲ್ಲ. ಒಂದು ಸ್ಕ್ರಿಪ್ಟಿನ ಮೇಲ್ಗಡೆ ಟೋಟಲ್ ಅಂತ ಡೆಫ್ ಮಾಡಿದ್ದೆ. ಕೆಳಗೆ ಆರ್ಡರ್ ಸಿಗದೆ ನಿಲ್ (ಏನೂ ಇಲ್ಲ ಅನ್ನುವ ಆಬ್ಜೆಕ್ಟ್) ಬಂದಿದೆ, ಆ ನಿಲ್‌ಗೆ ಟೋಟಲ್ ಕೇಳಿದರೆ ಎರರ್ ಕೊಡಬೇಕಾದದ್ದು ತಣ್ಣಗೆ 0 ಅಂದಿತು! ಇದನ್ನು ಹುಡುಕಲು ಹತ್ತಿರ ಹತ್ತಿರ ಎರಡು ವಾರ. ಆ ಗಡಿಬಿಡಿಯಲ್ಲಿ ಬಾಡಿಗೆ ಸರ್ವರಿನಲ್ಲಿ ಟೆಸ್ಟ್ ಓಡಲು ಬಿಟ್ಟು ಮರೆತೆ. ಬಂದ ಬಿಲ್ಲಿನಲ್ಲಿ ನನ್ನ ಡೊಮೇನನ್ನು ನಾಲ್ಕು ವರ್ಷ ಇಟ್ಟುಕೊಳ್ಳಬಹುದಿತ್ತು. ಮಧ್ಯೆ ಒಂದು ಹೊರಗಿನ ಕೆಲಸವನ್ನೂ ಕೈಬಿಟ್ಟಿದ್ದೆ, ಆ ದುಡ್ಡಿನ ಮಾತು ಬೇಡ.

ಬೇಜಾರಿಗೆ ಒಂದು ವಾರಾಂತ್ಯ ಸ್ಮಾಲ್‌ಟಾಕ್ ಭಾಷೆಯ ರೀತಿಯನ್ನೂ ನೋಡಿದೆ. ಅಲ್ಲಿ ಟಾಪ್ ಲೆವೆಲ್ (ಯಾವ ಕ್ಲಾಸಿನ ಒಳಗೂ ಇಲ್ಲದ ಜಾಗ) ಇಲ್ಲವೇ ಇಲ್ಲ, ವರ್ಕ್‌ಸ್ಪೇಸ್ ಅನ್ನುವ ಕಿಟಕಿಯಲ್ಲಿ ಓಡಿಸಿದ ಸಾಲು ನಿಲ್‌ನ ಮೆಥಡ್ ಆಗಿ ಕಂಪೈಲ್ ಆಗುತ್ತದೆ. ಸ್ಟ್ಯಾಕಿನಲ್ಲಿ (ಯಾವುದು ಯಾವುದನ್ನು ಕರೆಯಿತು ಅನ್ನುವ ಪಟ್ಟಿಯಲ್ಲಿ) ನಿಲ್‌ನ ಕ್ಲಾಸಾದ ಅನ್‌ಡಿಫೈನ್ಡ್ ಆಬ್ಜೆಕ್ಟ್, ಮೆಥಡ್ ಹೆಸರು ಡೂಇಟ್ ಅಂತ ಕಾಣುತ್ತದಲ್ಲ, ಅದೇ. ಚೆಂದ. ಆದರೆ ನನಗೆ ಅಲ್ಲಿ ಇನ್‌ಸ್ಟೆನ್ಸ್ ವೇರಿಯಬಲ್ (ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವ ಡೇಟಾ) ಬೇಕಿತ್ತು, ನಿಲ್ ಹತ್ತಿರ ಅದನ್ನು ಎಲ್ಲಿಡುವುದು?

ಕೊನೆಗೆ ಗೆದ್ದದ್ದು ಇದು: ಪ್ರತಿ ಫೈಲೂ ಒಂದು ಆಬ್ಜೆಕ್ಟ್, ಅದಕ್ಕೆ ಅದರದ್ದೇ ಕ್ಲಾಸ್. ಟಾಪ್ ಲೆವೆಲ್ ಡೆಫ್ ಆ ಕ್ಲಾಸಿಗೆ ಮಾತ್ರ ಸೇರುತ್ತದೆ, ಬೇರೆ ಯಾರಿಗೂ ಅಂಟುವುದಿಲ್ಲ. ರಿಸೀವರ್ (ಯಾವ ಆಬ್ಜೆಕ್ಟನ್ನು ಕೇಳುತ್ತಿದ್ದೇವೋ ಅದು) ಬರೆಯದೆ ಮೆಥಡ್ ಕರೆದಾಗ ಮೊದಲು ಸೆಲ್ಫ್‌ನ ಕ್ಲಾಸುಗಳಲ್ಲಿ ಹುಡುಕು, ಸಿಗದಿದ್ದರೆ ಆ ಕೋಡ್ ಬರೆದಿರುವ ಫೈಲನ್ನು ಕೇಳು. ನ್ಯೂಸ್ಪೀಕ್ ಅನ್ನುವ ಭಾಷೆ ಮೇಲಿನ ಕ್ಲಾಸುಗಳಿಂದ ಬಂದದ್ದಕ್ಕಿಂತ ಮೊದಲು ಸುತ್ತಲಿನ ಕೋಡನ್ನು ನೋಡುತ್ತದೆ, ನಾನು ಉಲ್ಟಾ ಮಾಡಿದೆ, ನನಗೆ ಅದೇ ಸರಿ ಅನ್ನಿಸಿತು. ರಿಸೀವರ್ ಬರೆದರೆ ಫೈಲಿನ ಹತ್ತಿರ ಹೋಗುವುದೇ ಇಲ್ಲ, ಹಾಗಾಗಿ ಈಗ ನಿಲ್‌ಗೆ ಟೋಟಲ್ ಕೇಳಿದರೆ ಸರಿಯಾಗಿ ಬೈಯುತ್ತದೆ. ಹಳೆಯ ನಾನೂರು ಸಾಲು ಕಿತ್ತು ಅರವತ್ತು ಚಿಲ್ಲರೆ ಸಾಲು ಹಾಕಿದೆ. ಮೊದಲು ಸುಮಾರು ಶೇ. 20 ನಿಧಾನವಾಗಿತ್ತು, ಹುಡುಕಿದ್ದನ್ನು ನೆನಪಿಡುವ ಕ್ಯಾಶ್ ಹಾಕಿದ ಮೇಲೆ ಶೇ. 2-3 ಇರಬಹುದು. ಆ ಕ್ಯಾಶಿನ ಕೀ (ನೆನಪಿಟ್ಟದ್ದನ್ನು ಹುಡುಕುವ ಗುರುತು) ಏನು ಅಂತ ಮಾತ್ರ ಸದ್ಯಕ್ಕೆ ಕೇಳಬೇಡಿ.

ಮೊದಲ ಸಾಲಿನಲ್ಲಿ ಸೆಲ್ಫ್ ಬರೆದರೆ ಈಗ ಫೈಲಿನ ಹೆಸರು ಪ್ರಿಂಟ್ ಆಗುತ್ತದೆ. ಆಗಲ್ಲ ಅಂದಿದ್ದವನಿಗೆ ತೋರಿಸಿದೆ. ಒಂದು ನಿಮಿಷ ನೋಡಿ, "ರೆಪ್ಲ್‌ನಲ್ಲಿ ಫೈಲೇ ಇರಲ್ವಲ್ಲ?" ಅಂದ. ರೆಪ್ಲ್ ಅಂದರೆ ಒಂದೊಂದೇ ಸಾಲು ಟೈಪ್ ಮಾಡಿ ಆಗಲೇ ಓಡಿಸುವ ಜಾಗ. ಅಲ್ಲಿ ಸೆಷನ್ನೇ ಫೈಲ್ ಅಂದೆ. ಆಗಿನ್ನೂ ಅದನ್ನು ಬರೆದಿರಲಿಲ್ಲ, ಅವತ್ತು ರಾತ್ರಿ ಕೂತು ಬರೆದೆ.