ಇಂಗ್ಲೆಂಡಿನ ಹಳ್ಳಿ ಕಡೆ ಜಾಗ ತಗೊಳ್ಳುವವರೇ, ಮೊದಲು ಷರತ್ತು ಓದಿ

"ಪ್ಲಾನಿಂಗ್ ಪರ್ಮಿಷನ್ ಆಗಿದೆ" ಅಂತ ಏಜೆಂಟ್ ಹೇಳಿದರೆ ಸಾಕು, ನಮ್ಮವರು ಬಿಲ್ಡರ್ ಹುಡುಕೋಕೆ ಹೊರಡುತ್ತಾರೆ. ಪರ್ಮಿಷನ್ ಪತ್ರದಲ್ಲಿರುವ ಷರತ್ತುಗಳನ್ನು ಯಾರೂ ಓದುವುದಿಲ್ಲ. ಅಲ್ಲಿ ಆರ್ಕಿಯಾಲಜಿ (ಪುರಾತತ್ವ, ಅಂದರೆ ನೆಲದಡಿಯ ಹಳೇ ಕಾಲದ ಕುರುಹು) ಅಂತಿದ್ದರೆ ದುಡ್ಡು ಕಟ್ಟುವ ಮುಂಚೆ ವಿಚಾರಿಸಿ.

1990ರಿಂದ ಇಲ್ಲಿ ನೆಲದಡಿ ಏನಿದೆ ಅಂತ ನೋಡುವ ಖರ್ಚು ಕಟ್ಟಿಸುವವರದ್ದೇ. ಕೌಂಟಿಯ ಆರ್ಕಿಯಾಲಜಿಸ್ಟ್‌ಗೆ ಅನುಮಾನ ಬಂದರೆ ಟ್ರಯಲ್ ಟ್ರೆಂಚ್, ಅಂದರೆ ಪರೀಕ್ಷೆಯ ಉದ್ದ ಗುಂಡಿಗಳನ್ನು, ತೋಡಿಸಿ ಅನ್ನುತ್ತಾರೆ. ಸಾಮಾನ್ಯವಾಗಿ ಜಾಗದ ಶೇ. 2ರಿಂದ 5ರಷ್ಟು. ಹಲ್ಲಿಲ್ಲದ ಬಕೆಟ್ ಹಾಕಿದ ಡಿಗ್ಗರ್ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತಾ ಹೋಗುತ್ತದೆ, ಪಕ್ಕದಲ್ಲೇ ನಿಂತವರು ಹಳದಿ ಜೇಡಿಮಣ್ಣಿನಲ್ಲಿ ಕಪ್ಪು ಪಟ್ಟಿ ಕಂಡ ತಕ್ಷಣ ಕೈ ಎತ್ತಿ ನಿಲ್ಲಿಸುತ್ತಾರೆ. ಅದು ರೋಮನ್ ಕಾಲದ ಹೊಲದ ಕಾಲುವೆ ಇರಬಹುದು, ಸುಮ್ನೆ ಹಳೇ ಡ್ರೈನ್ ಪೈಪೂ ಇರಬಹುದು.

ಮುಖ್ಯ ವಿಷಯ ಇದು: ಟ್ರೆಂಚ್ ಬರೀ ಪರೀಕ್ಷೆ. ಏನಾದರೂ ಸಿಕ್ಕರೆ ದೊಡ್ಡ ಉತ್ಖನನ, ಆಮೇಲೆ ಮಡಕೆ ಚೂರು, ಮೂಳೆಗಳ ಅಧ್ಯಯನ, ವರದಿ, ಸಿಕ್ಕಿದ್ದನ್ನು ಮ್ಯೂಸಿಯಂಗೆ ಒಪ್ಪಿಸುವುದು. ಎಲ್ಲವೂ ನಿಮ್ಮ ಜೇಬಿನಿಂದಲೇ. ಪರಿಚಯದವರೊಬ್ಬರು ಈ ಕೆಲಸಕ್ಕೆ ಬಂದ ಕೋಟ್‌ಗಳಲ್ಲಿ (ಖರ್ಚಿನ ಅಂದಾಜುಗಳಲ್ಲಿ) ಎಲ್ಲಕ್ಕಿಂತ ಕಮ್ಮಿಯದ್ದನ್ನು ಒಪ್ಪಿದರು. ಅದರಲ್ಲಿದ್ದದ್ದು ತೋಡುವ ಕೂಲಿ ಮಾತ್ರ! ಕುದುರೆ ಮೇಯುತ್ತಿದ್ದ ಆ ಹುಲ್ಲುಗಾವಲಲ್ಲಿ ಸಾಲಾಗಿ ಹಳೇ ಗುಂಡಿಗಳು ಸಿಕ್ಕವು. ಮಡಕೆ ನೋಡುವವರದ್ದೊಂದು ಬಿಲ್, ಮೂಳೆ ನೋಡುವವರದ್ದು ಇನ್ನೊಂದು. ಅಷ್ಟರಲ್ಲಿ ಬಿಲ್ಡರ್ ಬೇರೆ ಕೆಲಸ ಹಿಡಿದಿದ್ದ. ಹಾಗಾಗಿ ಕೋಟ್ ಕೇಳುವಾಗಲೇ "ಏನಾದರೂ ಸಿಕ್ಕರೆ ಮುಂದಿನದ್ದಕ್ಕೆ ಎಷ್ಟು?" ಅಂತ ಬರೆಸಿಕೊಳ್ಳಿ. ಇನ್ನೂ ಒಳ್ಳೆಯದು ಅಂದರೆ ಮಾರುವವರ ಕೈಲೇ ಟ್ರೆಂಚ್ ಮಾಡಿಸಿ, ಇಲ್ಲವೇ ಬೆಲೆ ಇಳಿಸಿ.

ಈ ಆರ್ಕಿಯಾಲಜಿ ಕೆಲಸದ ಲಿಖಿತ ಯೋಜನೆಯನ್ನು ಕೌನ್ಸಿಲ್ ಒಪ್ಪುವ ಮುಂಚೆ ಡಿಗ್ಗರ್ ತರಬೇಡಿ. ಷರತ್ತು ತೀರುವ ಮುಂಚೆ ಪಾಯ ತೆಗೆದರಂತೂ, ಕೆಲಸ ಶುರುವಾದ ಲೆಕ್ಕಕ್ಕೇ ಬಾರದೆ ಪರ್ಮಿಷನ್ನಿನ ಅವಧಿ ಮುಗಿದುಹೋಗುವ ಅಪಾಯವಿದೆ. ಸಾಮಾನ್ಯವಾಗಿ ಇರುವುದೇ 3 ವರ್ಷ.

ನಮ್ಮ ದೇಶದಲ್ಲಿ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಕಣ್ಣಿಗೆ ಕಾಣುವ ಗುಡಿಗೆ ಅಷ್ಟು ಕಾವಲು, ಮಣ್ಣಡಿ ಇರುವ ಊರಿಗೆ ಹೆಚ್ಚಿನ ಕಡೆ ಜೆಸಿಬಿಯೇ ಗತಿ. ಜೇಬು ಸುಟ್ಟರೂ ಇಂಗ್ಲೆಂಡಿನ ಪದ್ಧತಿಯೇ ವಾಸಿ ಅಂತ ನನ್ನ ಅಭಿಪ್ರಾಯ, ಬಿಲ್ ಕಟ್ಟಿದವರು ಒಪ್ಪಲಿಕ್ಕಿಲ್ಲ.

ಹಾಂ, ಟ್ರೆಂಚ್ ಮುಚ್ಚಿದ ಮಣ್ಣು ಸಡಿಲವಾಗೇ ಇರುತ್ತದೆ. ಅದರ ನಕ್ಷೆಯನ್ನು ಎಂಜಿನಿಯರ್‌ಗೆ ಕೊಡಿ, ಗೋಡೆ ಅದರ ಮೇಲೆ ಬರುತ್ತದಾ ಅಂತ ಪಾಯ ಹಾಕುವ ಮುಂಚೆಯೇ ಅವರು ನೋಡಲಿ.