ಅಂಕಿ ಸಿಕ್ಕಿತು, ಅದು ಯಾವ ಗಡಿಯೊಳಗಿನದು?

ದಾವಣಗೆರೆಯಲ್ಲಿ ಹಗಲು ಬ್ಯಾಂಕು, ಮಂಡಿ, ಅಂಗಡಿಗಳಲ್ಲಿ ದುಡಿದು ಎಂಬಿಎ ಓದುವವರ ಪ್ರಾಜೆಕ್ಟ್ ವರದಿಗಳನ್ನು ತಿದ್ದಿಕೊಡುತ್ತೇನೆ. ಹುಡುಕುವುದು ಅವರಿಗೆ ಚೆನ್ನಾಗಿಯೇ ಬರುತ್ತದೆ. ಸಿಕ್ಕ ಅಂಕಿಯನ್ನು ನಿಲ್ಲಿಸಿ ವಿಚಾರಿಸುವ ರೂಢಿಯನ್ನು ಮಾತ್ರ ಕಲಿಸಬೇಕಾಗುತ್ತದೆ.

ಮೊದಲು ಮಾಡಿಸುವುದು ಜನಸಂಖ್ಯೆ. 2011ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯಲ್ಲಿ 19,45,497 ಜನ. ಆಗ ಹರಪನಹಳ್ಳಿ ತಾಲ್ಲೂಕೂ ಈ ಜಿಲ್ಲೆಯಲ್ಲಿತ್ತು. 2018ರಲ್ಲಿ ಅದು ಬಳ್ಳಾರಿಗೆ ಸೇರಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಈಗಿನ ಜಿಲ್ಲೆಯ ಮಾರುಕಟ್ಟೆ ಅಂದಾಜಿಗೆ ಆ ಮೊತ್ತವನ್ನೇ ಹಾಕಿದರೆ ಇಡೀ ಒಂದು ತಾಲ್ಲೂಕಿನ ಗಿರಾಕಿಗಳು ಸುಮ್ಮನೆ ಲೆಕ್ಕಕ್ಕೆ ಬಂದುಬಿಡುತ್ತಾರೆ. ತಾಲ್ಲೂಕುವಾರು ಪಟ್ಟಿ ಇಳಿಸಿಕೊಂಡು, ಹರಪನಹಳ್ಳಿ ಬಿಟ್ಟು ಮತ್ತೆ ಕೂಡಿಸಬೇಕು. ಚಿತ್ರದುರ್ಗದ ಮೇಲೆ ಬರೆಯುವವರಿಗೆ ಇದರ ಇನ್ನೊಂದು ಮುಖ ಎದುರಾಗುತ್ತದೆ: ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಚಿತ್ರದುರ್ಗದ ಅಂಕಿಗಳಲ್ಲಿ ದಾವಣಗೆರೆಯೂ ಇರುತ್ತದೆ. ಇದನ್ನು ಗಮನಿಸದೆ ಗ್ರಾಫ್ ಎಳೆದರೆ ಗೆರೆ ದಿಢೀರನೆ ಕೆಳಗಿಳಿಯುತ್ತದೆ, ಅದಕ್ಕೆ ಇಲ್ಲದ ಕಾರಣ ಹುಡುಕುವ ಪಾಡು ಬರುತ್ತದೆ.

ಮೆಕ್ಕೆಜೋಳದ ಧಾರಣೆಗೆ ಮಂಡಿ ದರಗಳ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್ ತೆರೆಸುತ್ತೇನೆ. ಅಲ್ಲಿ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ, ಮೋಡಲ್ ಎಂದು ಮೂರು ದರ ಇರುತ್ತವೆ. ಬಹುತೇಕರು ಮೊದಲೆರಡನ್ನು ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಹಸಿ ಕಾಳಿನ ಒಂದೇ ಒಂದು ಲಾಟ್ ಕಡಿಮೆಗೆ ಹೋದರೂ ಆ ಸರಾಸರಿ ಕುಸಿಯುತ್ತದೆ. ಹೆಚ್ಚಿನ ಮಾಲು ಮಾರಾಟವಾದ ದರ ಮೋಡಲ್, ವರದಿಗೆ ಅದು ಬೇಕು. ಆವಕವಿಲ್ಲದ ದಿನದ ಖಾಲಿ ಮನೆಗೆ ಸೊನ್ನೆ ತುಂಬಬಾರದು. 2025-26ರ ಬೆಂಬಲ ಬೆಲೆ 2,400 ರೂಪಾಯಿ ಸರ್ಕಾರ ಘೋಷಿಸಿದ್ದು, ಮಂಡಿಯಲ್ಲಿ ಅಷ್ಟೇ ಸಿಕ್ಕಿತೆಂದು ಬರೆಯುವಂತಿಲ್ಲ.

ಇನ್ನು ಸಣ್ಣ ಕೈಗಾರಿಕೆಗಳ ಮಿತಿ. ಕಿರು (ಮೈಕ್ರೋ) ಉದ್ಯಮಕ್ಕೆ 1 ಕೋಟಿ ಹೂಡಿಕೆ, 5 ಕೋಟಿ ವಹಿವಾಟು ಎಂಬ 2020ರ ಲೆಕ್ಕವೇ ಎಷ್ಟೋ ಪುಟಗಳಲ್ಲಿ ಉಳಿದುಕೊಂಡಿದೆ. 2025ರ ಏಪ್ರಿಲ್ 1ರಿಂದ ಅದು 2.5 ಕೋಟಿ, 10 ಕೋಟಿ. ಮಂಡಕ್ಕಿ ಭಟ್ಟಿಗೋ ಬಟ್ಟೆ ಅಂಗಡಿಗೋ ಸಾಲದ ಯೋಜನೆ ಬರೆಯುವಾಗ ಹಳೆಯ ಮಿತಿ ಹಿಡಿದರೆ ಉದ್ಯಮದ ವರ್ಗವೇ ತಪ್ಪಾಗುತ್ತದೆ. ಅಧಿಸೂಚನೆಯ ಪಿಡಿಎಫ್ ತೆರೆದು ಜಾರಿ ದಿನಾಂಕ ಓದಿದ ಮೇಲೆಯೇ ಅಂಕಿ ಬರೆಯಿರಿ ಎನ್ನುತ್ತೇನೆ.

ಎಕ್ಸೆಲ್‌ನಲ್ಲಿ ಪ್ರತಿ ಅಂಕಿಯ ಪಕ್ಕ ಮೂಲ, ಯಾವ ಅವಧಿಯದು, ಯಾವ ಪ್ರದೇಶದ್ದು, ನೋಡಿದ ದಿನಾಂಕ ಎಂದು ನಾಲ್ಕು ಕಾಲಂ ಇಡಿಸುತ್ತೇನೆ. ಪುಟದ ಪಿಡಿಎಫನ್ನೂ ಅವತ್ತೇ ಉಳಿಸಿಕೊಳ್ಳಬೇಕು, ಸರ್ಕಾರಿ ಜಾಲತಾಣಗಳ ಕೊಂಡಿಗಳು ವೈವಾ ಹೊತ್ತಿಗೆ ಬದಲಾಗಿರುವುದುಂಟು.